ಕೇಳಲಿಕ್ಕೊಬ್ಬರಿದ್ದರು

ಊರು ಅಂದಮೇಲೆ ಒಂದಷ್ಟು ಪ್ರಶ್ನೆಗಳು ಅಲ್ಲಿ ಸುಮ್ಮನೆ ಓಡಾಡಿಕೊಂಡಿರುತ್ತವೆ. ದಾರಿ ಬದಿಯ ಕಲ್ಲಿನಲ್ಲಿ ಕತ್ತಿ ಹಿರಿದು ನಿಂತವನು ಯಾರ ಪೈಕಿ? ಪಕ್ಕದ ಕಲ್ಲಿನಲ್ಲಿ ಮೊಣಕೈ ಮಡಿಸಿ ಅಂಗೈ ಎತ್ತಿದ ಹೆಂಗಸು ಹಿಡಿದಿರುವುದು ನಿಂಬೆಹಣ್ಣೇ ಹೌದೋ? ಬೇಣದ ನಡುವೆ ಒಂಟಿಯಾಗಿ ಕೂತ ಬಸವನ ಗುಡಿ ಎಲ್ಲಿಗೆ ಹೋಯಿತು? ನಾಲ್ಕು ಮನೆಯ ಹಳ್ಳಿಗೆ ಪೇಟೆ ಅಂತ ಯಾರು ಹೆಸರಿಟ್ಟರು? ಇವಕ್ಕೆ ಉತ್ತರ ಸಿಗಲಿಲ್ಲವೆಂದು ಯಾರ ಮನೆಯ ಒಲೆಯೂ ಆರುವುದಿಲ್ಲ. ಅಡಿಕೆಯ ಧಾರಣೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೂ ಕೇಳಬೇಕು ಅನ್ನಿಸುತ್ತದೆ. ಹಾಗನ್ನಿಸಿದ ಹೊತ್ತಿಗೆ, "ತಡಿಯೋ, ಅವರನ್ನೇ ಕೇಳಿಬಿಡೋಣ" ಅನ್ನುವುದಕ್ಕೆ ಒಬ್ಬರಿದ್ದರೆ ಆ ಊರಿನಲ್ಲಿ ಬದುಕುವುದಕ್ಕೆ ಬೇರೆಯದೇ ಒಂದು ರುಚಿ ಬರುತ್ತದೆ.

ಹೀಗೆ ಕೇಳಿಸಿಕೊಳ್ಳುವವರನ್ನು ನಾನು ಊರರಿಗರು ಅಂತ ಕರೆಯುತ್ತೇನೆ. ಕನ್ನಡನಾಡಿನ ಯಾವ ತಾಲ್ಲೂಕಿಗೆ ಹೋದರೂ ಒಬ್ಬ ಊರರಿಗರು ಸಿಕ್ಕಿಯೇ ಸಿಗುತ್ತಿದ್ದ ಕಾಲವೊಂದಿತ್ತು. ಹೊಟ್ಟೆಪಾಡಿಗೆ ಮೇಷ್ಟರು, ಗುಮಾಸ್ತರು, ವಕೀಲರು, ಪುರೋಹಿತರು. ಮಿಕ್ಕ ಹೊತ್ತಿಗೆಲ್ಲ ಊರೇ ಉದ್ಯೋಗ. ರಜೆ ಬಂತೆಂದರೆ ಹೆಗಲಿಗೊಂದು ಚೀಲ, ಅದರಲ್ಲಿ ಗಟ್ಟಿ ಕೂದಲಿನ ಬ್ರಷ್ಷು, ಸೀಮೆಸುಣ್ಣ, ಮಸೂರ, ಹಿಂದಿನ ವರ್ಷದ ಡೈರಿ. ಕಲ್ಲಿನ ಪಾಚಿ ಉಜ್ಜಿ, ಅಕ್ಷರದ ಗುಣಿಗೆ ಸುಣ್ಣ ತುಂಬಿ, ಸಂಜೆಯ ಓರೆಬಿಸಿಲು ಬರುವ ತನಕ ಪಕ್ಕದ ಮರದ ಬುಡದಲ್ಲಿ ಕೂತು ಕಾಯುವುದು. ನೆತ್ತಿಯ ಬಿಸಿಲಿನಲ್ಲಿ ಕಲ್ಲು ಬಾಯಿ ಬಿಡುವುದಿಲ್ಲ. ಬೆಳಕು ಅಡ್ಡವಾಗಿ ಬಿದ್ದಾಗಲೇ ಸವೆದ ಅಕ್ಷರಕ್ಕೊಂದು ನೆರಳು ಮೂಡುತ್ತದೆ, ಆ ನೆರಳನ್ನು ಓದಬೇಕು. ಕಾಯುವುದನ್ನೇ ಅರ್ಧ ವಿದ್ಯೆಯಾಗಿಸಿಕೊಂಡ ಇಂಥ ಕಸುಬು ಇನ್ನೊಂದು ನನಗೆ ಗೊತ್ತಿಲ್ಲ.

ಅವರ ಪುಸ್ತಕಗಳೆಂದರೆ ನನಗೆ ಪ್ರಾಣ. ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ್ದು, ತೆಳ್ಳನೆಯ ರಟ್ಟು, ಮೊಳೆ ತುಸು ಓರೆಯಾಗಿ ಕೂತ ಶೀರ್ಷಿಕೆ. ಒಳಗೆ ಮಸಿ ಹೆಚ್ಚಾಗಿ ಗರ್ಭಗುಡಿಯೂ ಆಕಾಶವೂ ಒಂದೇ ಬಣ್ಣಕ್ಕೆ ತಿರುಗಿದ ದೇವಸ್ಥಾನದ ಫೋಟೋ. ಕೊನೆಯಲ್ಲಿ ತಪ್ಪು ಒಪ್ಪುಗಳ ಪಟ್ಟಿ. ಅದಕ್ಕಿಂತ ಹೆಚ್ಚಾಗಿ, ಕೊಡುವ ಮೊದಲು ಲೇಖಕರೇ ನೀಲಿ ಶಾಯಿಯಲ್ಲಿ ಒಂದೊಂದು ಪ್ರತಿಯಲ್ಲೂ ತಿದ್ದಿದ ಇಸವಿಗಳು. ಆ ನೀಲಿ ಶಾಯಿಯನ್ನು ಕಂಡಾಗಲೆಲ್ಲ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ. ಯಾವುದೋ ಪಾಳೆಯಗಾರ ಸತ್ತ ವರ್ಷ ಮೂರು ಸಂವತ್ಸರ ಆಚೀಚೆಯಾದರೆ ಯಾರಿಗೆ ಏನು ನಷ್ಟ? ಅವರಿಗೆ ಮಾತ್ರ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

2024ರ ಜೂನ್ ತಿಂಗಳಿನಲ್ಲಿ, ಮಲೆನಾಡಿನಲ್ಲಿ ಮಳೆ ಹಿಡಿದುಕೊಳ್ಳುವ ಹೊತ್ತಿಗೆ, ಅಂಥ ಊರರಿಗರಲ್ಲೊಬ್ಬರಾದ ಕೆಳದಿ ಗುಂಡಾ ಜೋಯಿಸರು ತೀರಿಕೊಂಡರು. ತೊಂಬತ್ತು ದಾಟಿದ್ದರು. 1931ರಲ್ಲಿ ಹುಟ್ಟಿದವರು. ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು, ಕೆಳದಿ. ಊರು ಅವರ ಹೆಸರಿನ ಮುಂದೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತೆಂದರೆ, ಬರಿಯ ಗುಂಡಾ ಜೋಯಿಸರು ಅಂದರೆ ಯಾರಿಗೂ ಪೂರ್ತಿ ಹೇಳಿದ ಹಾಗೆ ಆಗುತ್ತಿರಲಿಲ್ಲ. ಅವರನ್ನು ನಾನು ಎದುರು ಕೂತು ಮಾತಾಡಿಸಿದವನಲ್ಲ. ಅವರು ಬರೆದದ್ದರ ಮೂಲಕ, ಅವರು ಕಟ್ಟಿದ ವಸ್ತುಸಂಗ್ರಹಾಲಯದ ಮೂಲಕ, ಸಾಗರದ ಕಡೆಯ ನೆಂಟರಿಷ್ಟರ "ಜೋಯ್ಸರನ್ನ ಕೇಳಿದ್ರೆ ಗೊತ್ತಾಗ್ತಿತ್ತು" ಅನ್ನುವ ಮಾತಿನ ಮೂಲಕ ಅವರು ನನಗೆ ಪರಿಚಿತರು. ಒಬ್ಬರನ್ನು ಪ್ರೀತಿಸುವುದಕ್ಕೆ ಇಷ್ಟು ಪರಿಚಯ ಧಾರಾಳವಾಯಿತು.

ಕೆಳದಿಯಂಥ ಊರಿಗೆ ಒಬ್ಬ ಊರರಿಗ ಬೇಕೇ ಬೇಕಾಗಿತ್ತು. ಯಾಕೆಂದರೆ ಅದು ರಾಜಧಾನಿ ಬಿಟ್ಟುಹೋದ ಊರು. 1499ರಲ್ಲಿ ಚೌಡಪ್ಪ ನಾಯಕ ಇಲ್ಲಿ ಸಂಸ್ಥಾನಕ್ಕೆ ಬುನಾದಿ ಹಾಕಿದ. ಒಂದಿಷ್ಟು ಕಾಲ ಸಂದ ಮೇಲೆ ರಾಜಧಾನಿ ಇಕ್ಕೇರಿಗೆ ಹೋಯಿತು, ಅಲ್ಲಿಂದ ಘಟ್ಟದ ಒತ್ತಿಗೆ ಬಿದನೂರಿಗೆ ಹೋಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಅಲ್ಲಿಗೆ ಎರಡೂವರೆ ಶತಮಾನದ ಆಳ್ವಿಕೆ ಮುಗಿಯಿತು. ಅರಮನೆ, ದಂಡು, ಪೇಟೆ, ಕಾರಕೂನರು ಎಲ್ಲರೂ ಗಾಡಿ ಕಟ್ಟಿಕೊಂಡು ಹೋದರು. ಕೆಳದಿಯಲ್ಲಿ ಉಳಿದದ್ದು ರಾಮೇಶ್ವರ, ವೀರಭದ್ರ, ಪಾರ್ವತಿ. ಅವರು ಎಲ್ಲಿಗೂ ಹೋಗಲಿಲ್ಲ. ವೀರಭದ್ರನ ಗುಡಿಯಲ್ಲಿ ಗಂಡಭೇರುಂಡ ಕೂಡ ಅಲ್ಲೇ ಉಳಿಯಿತು. ಸಂಸ್ಥಾನಕ್ಕೆ ಮಾತ್ರ ಊರಿನ ಹೆಸರೇ ನಿಂತಿತು. ರಾಜರು ಎಲ್ಲಿದ್ದರೂ ಕೆಳದಿಯ ಅರಸರೇ. ಹೆಸರು ಇಲ್ಲಿ, ಸಿಂಹಾಸನ ಅಲ್ಲಿ. ಈ ಎರಡರ ನಡುವಿನ ದಾರಿಯನ್ನು ಜೀವಮಾನವಿಡೀ ನಡೆಯುವವರೊಬ್ಬರು ಬೇಕಾಗಿತ್ತು.

ದಾರಿ ಅಂದಕೂಡಲೇ ನನಗೆ ಪಿಯೆತ್ರೋ ದೆಲ್ಲಾ ವಾಲ್ಲೆ ನೆನಪಾಗುತ್ತಾನೆ. ರೋಮಿನವನು. 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ಗೋವೆಯಿಂದ ಹೊರಟು, ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಬಂದವನು ಅರಮನೆಯ ಭರಾಟೆಯನ್ನಷ್ಟೇ ನೋಡಿ ಹೋಗಲಿಲ್ಲ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಸಣ್ಣ ಮರಳು ಹರಡಿ, ಬೆರಳಿನಿಂದ ಬರೆದು, ಬರೆದದ್ದನ್ನು ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದರು. ಅವನು ನಿಂತು ನೋಡಿದ. ಗುರು ಯಾರೆಂದು ವಿಚಾರಿಸಿದ, ತಮ್ಮಷ್ಟಕ್ಕೆ ತಾವೇ ಒಬ್ಬರಿಗೊಬ್ಬರು ಹೇಳಿಕೊಂಡು ಕಲಿಯುತ್ತಿದ್ದಾರೆಂದು ತಿಳಿದು ಬೆರಗಾದ, ಊರಿಗೆ ಕಾಗದ ಬರೆದ. ನಾಯಕರ ಯುದ್ಧಗಳನ್ನು ನಾನು ಮತ್ತೆ ಮತ್ತೆ ಓದಿ ಮರೆತಿದ್ದೇನೆ. ಈ ಮರಳು ಮರೆಯುವುದಿಲ್ಲ. ಮರಳಿನ ಮೇಲೆ ಬರೆದದ್ದು ಆಗಲೇ ಅಳಿಸಿಹೋದದ್ದು. ದಾರಿಹೋಕನೊಬ್ಬ ಕಾಗದದ ಮೇಲೆ ಇಳಿಸದೆ ಇದ್ದಿದ್ದರೆ ನಮ್ಮ ಮಲೆನಾಡಿನ ಆ ಮಗ್ಗಿಯ ರಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ದಾರಿಹೋಕ, ಹೋಗಿಬಿಟ್ಟ. ಊರರಿಗ ಹೋಗುವುದಿಲ್ಲ. ನಾಳೆಯೂ ಅದೇ ಜಗಲಿಗೆ ಬರುತ್ತಾನೆ, ನಿನ್ನೆ ಕಾಣದ್ದು ಇವತ್ತು ಕಾಣಬಹುದೇ ಅಂತ ನೋಡುತ್ತಾನೆ.

ಸಾಗರದಿಂದ ಕೆಳದಿಗೆ ದಾರಿ ದೊಡ್ಡದಲ್ಲ. ಸಾಗರದ ಕೆರೆಯೇ ಕೆಳದಿಯ ಅರಸ ಸದಾಶಿವ ನಾಯಕನ ಹೆಸರಿನದು, ಈಗ ಗಣಪತಿ ಕೆರೆ. ಅದರ ಏರಿ ದಾಟಿ ಒಂದಿಷ್ಟು ಗದ್ದೆ, ಒಂದಿಷ್ಟು ತೋಟ ಕಳೆದರೆ ಕೆಳದಿ. ದೇವಸ್ಥಾನದ ಮುಂದಿನ ಕಂಬದಲ್ಲಿ ಕೆಳದಿಯ ರಾಣಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನನ್ನು ಬರಮಾಡಿಕೊಳ್ಳುವ ಕೆತ್ತನೆಯಿದೆ ಅಂತ ಊರವರು ತೋರಿಸುತ್ತಾರೆ. 1689ರಲ್ಲಿ ಔರಂಗಜೇಬನ ದಂಡು ಬೆನ್ನು ಹತ್ತಿದ್ದಾಗ ರಾಜಾರಾಮ ಜಿಂಜಿಯ ಕಡೆ ಹೋಗುತ್ತ ಈ ಸೀಮೆಯಲ್ಲಿ ಆಸರೆ ಪಡೆದ. ಮೊಗಲರ ಸಿಟ್ಟಿಗೆ ಹೆದರದೆ ಚೆನ್ನಮ್ಮ ಅವನನ್ನು ಕಾಪಾಡಿ ಕಳಿಸಿದಳು. ಆ ಕಂಬದ ಮುಂದೆ ನಿಂತವರು ಯಾರೇ ಆಗಲಿ ದನಿ ಏರಿಸಿ ಹೇಳುವ ಕತೆ ಅದು.

ಜೋಯಿಸರ ವಸ್ತುಸಂಗ್ರಹಾಲಯ ಈ ದೇವಸ್ಥಾನದ ಊರಿನಲ್ಲೇ ಇದೆ, ಈಗ ಕುವೆಂಪು ವಿಶ್ವವಿದ್ಯಾಲಯದ ತೆಕ್ಕೆಯಲ್ಲಿ. ಕೆಳದಿ ವಸ್ತುಸಂಗ್ರಹಾಲಯ ಮತ್ತು ಇತಿಹಾಸ ಸಂಶೋಧನಾ ಕೇಂದ್ರ ಅಂತ ಉದ್ದನೆಯ ಹೆಸರು. ವಿಜಯನಗರ ಮತ್ತು ಕೆಳದಿಯ ಕಾಲದ ಆಯುಧ, ನಾಣ್ಯ, ಶಿಲ್ಪ, ತಾಮ್ರಶಾಸನಗಳಿವೆ. ಇವನ್ನೆಲ್ಲ ಬೇರೆ ಕಡೆಯೂ ನೋಡಬಹುದು. ನಾನು ಹೇಳಹೊರಟದ್ದು ಓಲೆಗರಿಗಳ ಮಾತು. ಕನ್ನಡ, ಸಂಸ್ಕೃತ, ತಮಿಳು, ತೆಲುಗು ಅಂತ ಸುಮಾರು 1000 ಕಾಗದದ ಮತ್ತು ಗರಿಯ ಹಸ್ತಪ್ರತಿಗಳು. ಅವಲ್ಲದೆ ತಿಗಳಾರಿ ಲಿಪಿಯ ಓಲೆಗಳೇ 400. ಸಾಹಿತ್ಯ, ಧರ್ಮಶಾಸ್ತ್ರ, ಜ್ಯೋತಿಷ, ಗಣಿತ, ವೈದ್ಯ, ಪಶುವೈದ್ಯ. ಒಂದು ಹಳ್ಳಿಯಲ್ಲಿ ಇಷ್ಟೆಲ್ಲ ಹೇಗೆ ಸೇರಿತು ಅಂತ ಯೋಚಿಸುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಪ್ರತಿ ಕಟ್ಟಿಗೂ ಹಿಂದೆ ಒಂದು ಮನೆಯಿದೆ, ಮನೆಗೊಂದು ಅಟ್ಟವಿದೆ, ಅಟ್ಟದ ಕೆಳಗೆ "ಇದನ್ನೆಲ್ಲ ತಗಂಡು ಎಂತ ಮಾಡ್ತ್ರಿ ಜೋಯ್ಸರೆ?" ಅಂದಿರಬಹುದಾದ ಒಬ್ಬ ಯಜಮಾನರಿದ್ದಾರೆ.

ಮಲೆನಾಡಿನ ಅಟ್ಟ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದು ಕಷ್ಟ. ಆರು ತಿಂಗಳು ಮಳೆಯ ಥಂಡಿ. ಕೆಳಗಿಟ್ಟ ಕಾಗದಕ್ಕೆ ಬೂಷ್ಟು, ಗೋಡೆಗೆ ತಾಗಿಸಿಟ್ಟದ್ದಕ್ಕೆ ಗೆದ್ದಲು. ಅಡುಗೆಮನೆಯ ಮೇಲಿನ ಅಟ್ಟವೊಂದೇ ಬೆಚ್ಚಗಿನ ಜಾಗ. ಕೆಳಗೆ ಒಲೆಯುರಿದ ಹಾಗೆಲ್ಲ ಹೊಗೆ ಮೇಲೇರಿ ಉಪ್ಪಿನಕಾಯಿಯ ಭರಣಿ, ಬಿತ್ತನೆ ಬೀಜ, ಹಳೇ ತೊಟ್ಟಿಲು, ಓಲೆಗರಿಯ ಕಟ್ಟು ಎಲ್ಲವನ್ನೂ ಸಮನಾಗಿ ಕಾಪಾಡುತ್ತಿತ್ತು. ನಮ್ಮ ಹಸ್ತಪ್ರತಿ ಸಂರಕ್ಷಣೆಯ ಮೊದಲ ಇಲಾಖೆ ಅಡುಗೆಮನೆಯ ಹೆಂಗಸರದ್ದು. ಯಾವ ಗ್ರಂಥದ ಅರಿಕೆಯಲ್ಲೂ ಅವರ ಹೆಸರಿಲ್ಲ.

ನಮ್ಮ ಮನೆಯಲ್ಲೂ ಒಂದು ಕಟ್ಟಿತ್ತು. ಕೆಂಪು ಬಟ್ಟೆಯಲ್ಲಿ ಸುತ್ತಿದ್ದು. ನವರಾತ್ರಿಯಲ್ಲಿ ಸರಸ್ವತಿಯನ್ನು ಕೂರಿಸುವ ದಿನ ಅಟ್ಟದಿಂದ ಇಳಿಯುತ್ತಿತ್ತು. ಅಜ್ಜಿ ಮಡಿಯುಟ್ಟು ಬಟ್ಟೆ ಬಿಚ್ಚಿ, ಮೇಲಿನ ಹಲಗೆಗೆ ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ, ಮೂರನೆಯ ದಿನ ಮತ್ತೆ ಸುತ್ತಿ ಮೇಲಕ್ಕೆ ಕಳಿಸುತ್ತಿದ್ದರು. ಒಳಗೆ ಏನಿದೆ ಎಂದು ಕೇಳಿದರೆ "ರಾಮಾಯಣ" ಅನ್ನುತ್ತಿದ್ದರು, ಅನುಮಾನವೇ ಇಲ್ಲದ ದನಿಯಲ್ಲಿ. ಒಂದು ವರ್ಷ ತಿಗಳಾರಿ ಓದಬಲ್ಲ ಹಿರಿಯರೊಬ್ಬರು ಹಬ್ಬದ ಊಟಕ್ಕೆ ಬಂದವರು, ಎಲೆ ಅಡಿಕೆ ಹಾಕಿಕೊಳ್ಳುತ್ತ ಕಟ್ಟನ್ನು ಕೇಳಿ ತರಿಸಿಕೊಂಡರು. ಕವಳದ ಕೈ ತೊಳೆದು ಬಂದು, ಗರಿಯನ್ನು ಬೆಳಕಿಗೆ ಹಿಡಿದು, ತುಟಿಯಲ್ಲೇ ಓದಿಕೊಂಡರು. ಮೂರು ಗರಿ ದಾಟಿದ ಮೇಲೆ ಅವರ ಮುಖ ಅರಳಿತು. ರಾಮಾಯಣ ಅಲ್ಲ, ದನ ಎಮ್ಮೆಗಳ ಮದ್ದು. ಹೊಟ್ಟೆ ಉಬ್ಬರಿಸಿದರೆ ಏನು ಕುಡಿಸಬೇಕು, ಕಾಲು ಉಳುಕಿದರೆ ಯಾವ ಸೊಪ್ಪು ಕಟ್ಟಬೇಕು. ನಾವು ಮಕ್ಕಳೆಲ್ಲ ಅಜ್ಜಿಯ ಮುಖ ನೋಡಿದೆವು. ಅವರು ಒಂದಿಷ್ಟೂ ವಿಚಲಿತರಾಗಲಿಲ್ಲ. "ಎಮ್ಮೆಯ ಹಾಲು ಕುಡಿದೇ ಅಲ್ಲದನೋ ಇಷ್ಟು ತಲೆಮಾರು ಬೆಳೆದದ್ದು? ಪೂಜೆ ಸರಿಯಾಗೇ ಸಂದಿದೆ" ಅಂದರು. ಮರುವರ್ಷವೂ ಅಷ್ಟೇ ಮಡಿಯಲ್ಲಿ ಕಟ್ಟು ಇಳಿಯಿತು, ಕುಂಕುಮ ಏರಿತು.

ಓದಬಲ್ಲವರೊಬ್ಬರು ಮನೆಗೆ ಬಂದರೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಹೀಗೆ. ಪೂಜೆಗೊಳ್ಳುತ್ತಿದ್ದ ವಸ್ತು ಮಾತಾಡಲು ಶುರುಮಾಡುತ್ತದೆ. ಕರಾವಳಿ ಮತ್ತು ಮಲೆನಾಡಿನ ಎಷ್ಟೋ ಮನೆಗಳಲ್ಲಿ ತಿಗಳಾರಿ ಬಲ್ಲ ಕೊನೆಯ ಅಜ್ಜ ಸತ್ತಮೇಲೆ ಕಟ್ಟುಗಳು ದೇವರ ಮನೆಗೆ ಸೇರಿದವು, ಅಲ್ಲಿಂದ ಕೆಲವು ಹೊಳೆಗೂ ಸೇರಿದವು. ಹೊಳೆಗೆ ಬಿಟ್ಟವರು ಕೇಡಿಗರಲ್ಲ. ಪವಿತ್ರವಾದದ್ದು ಕಾಲಡಿಗೆ ಬೀಳಬಾರದೆಂದು, ಕೈಮುಗಿದೇ ಬಿಟ್ಟರು. ಅಂಥ ಕಾಲದಲ್ಲಿ ಜೋಯಿಸರು ತಿಗಳಾರಿಯನ್ನೂ ಮೋಡಿಯನ್ನೂ ಓದಿಕೊಂಡು ಕೆಳದಿಯಲ್ಲಿ ಕೂತಿದ್ದರು.

ಈ ಎರಡು ಲಿಪಿಗಳು ಒಂದೇ ಕಣ್ಣಿಗೆ ಒಗ್ಗುವುದೇ ನನಗೆ ಸೋಜಿಗ. ತಿಗಳಾರಿ ಗ್ರಂಥ ಲಿಪಿಯ ಬಳಗದ್ದು, ಮಲಯಾಳದ ನೆಂಟ. ವೇದ, ಶಾಸ್ತ್ರ, ಸ್ತೋತ್ರಗಳನ್ನು ಬರೆದುಕೊಳ್ಳಲು ಹವ್ಯಕರು, ಶಿವಳ್ಳಿಯವರು ಬಳಸಿದ್ದು. ಗುಂಡುಗುಂಡಗೆ, ನಿಧಾನವಾಗಿ, ಗರಿ ಸೀಳದ ಹಾಗೆ ಬಳಸಿ ಬರೆಯುವ ಅಕ್ಷರ. ಮೋಡಿ ಮರಾಠಿ ಕಚೇರಿಯ ಬರಹ. ಲೇಖನಿ ಎತ್ತದೆ ಸಾಲು ಮುಗಿಸುವ ಆತುರದಲ್ಲಿ ಶ್ಯಾವಿಗೆ ಒತ್ತಿದ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ. ಎಲ್ಲಿ ಒಂದು ಪದ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಅನ್ನುವುದು ಬರೆದ ಕಾರಕೂನನಿಗೂ ದೇವರಿಗೂ ಮಾತ್ರ ಗೊತ್ತು. ಒಂದು ದೇವರ ಮನೆಯ ಲಿಪಿ, ಇನ್ನೊಂದು ದಫ್ತರದ ಲಿಪಿ. ಎರಡನ್ನೂ ಬಲ್ಲವನಿಗೆ ಊರಿನ ಭಕ್ತಿಯೂ ತಿಳಿಯುತ್ತದೆ, ಊರಿನ ಸಾಲವೂ ತಿಳಿಯುತ್ತದೆ.

ಒಂದು ಓಲೆಗರಿಯನ್ನು ಹತ್ತಿರದಿಂದ ನೋಡಿ. ಶ್ರೀತಾಳೆಯ ಎಲೆ, ಬೇಯಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡಿದ್ದು. ಅಗಲ ಎರಡು ಬೆರಳು ಇದ್ದೀತು. ಅಷ್ಟರಲ್ಲಿ ಏಳೆಂಟು ಸಾಲು. ಕಂಠ ಅನ್ನುವ ಕಬ್ಬಿಣದ ಮೊನೆಯಿಂದ ಕೊರೆದದ್ದು. ಕೊರೆದಾಗ ಏನೂ ಕಾಣುವುದಿಲ್ಲ, ಗರಿಯ ಮೈಮೇಲೆ ಗೀರು ಬಿದ್ದಿರುತ್ತದೆ ಅಷ್ಟೆ. ಎಣ್ಣೆಯಲ್ಲಿ ಕಲೆಸಿದ ಕಾಡಿಗೆ ಸವರಿ ಒರೆಸಿದಾಗ ಮಸಿ ಗೀರಿನೊಳಗೆ ಉಳಿದು ಬರಹ ಮೇಲೆದ್ದು ಬರುತ್ತದೆ. ಇದ್ದಕ್ಕಿದ್ದ ಹಾಗೆ ಒಂದಿಡೀ ಅಧ್ಯಾಯ ಕಣ್ಣುಬಿಡುವ ಆ ಗಳಿಗೆ ನೋಡುವಂಥದ್ದು. ಮಧ್ಯದಲ್ಲಿ ದಾರಕ್ಕೆ ತೂತು, ತೂತಿನ ಸುತ್ತ ಲಿಪಿಕಾರ ಗೌರವದಿಂದ ಬಿಟ್ಟ ಒಂದಿಷ್ಟು ಜಾಗ. ಹುಳ ಕೊರೆದ ಸುರಂಗ ಒಂದು ಗರಿಯಿಂದ ಮುಂದಿನ ಗರಿಗೆ ಅದೇ ಜಾಗದಲ್ಲಿ ಸಾಗುತ್ತದೆ. ಮಜ್ಜಿಗೆಹುಲ್ಲಿನ ಎಣ್ಣೆ ಸವರಿದರೆ ಹುಳ ದೂರ, ಗರಿಯೂ ಮೆತ್ತಗೆ. ಆ ಎಣ್ಣೆಯ ಘಮ ಒಮ್ಮೆ ಮೂಗಿಗೆ ಹತ್ತಿದವನಿಗೆ ಹಸ್ತಪ್ರತಿ ಅಂದರೆ ಮೊದಲು ಮೂಗೇ ತೆರೆಯುತ್ತದೆ.

ಗರಿಗೆ ಇಷ್ಟು ಮರ್ಯಾದೆಯಾದರೆ ಕಡತದ್ದು ಬೇರೆ ಬಾಳು. ಗಟ್ಟಿ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕರಿಯ ಪುಸ್ತಕ. ಬಳಪದಲ್ಲಿ ಬರೆಯಬಹುದು, ಬೇಡವಾದರೆ ಒರೆಸಬಹುದು. ಅಂಗಡಿಯ ಲೆಕ್ಕ, ಮಠದ ಲೆಕ್ಕ, ಕಂದಾಯದ ಲೆಕ್ಕ. ಯಾರೋ ಒರೆಸಲು ಮರೆತದ್ದರಿಂದ ಉಳಿದ ಒಂದು ಪುಟದಲ್ಲಿ ಎಣ್ಣೆಯ ಬೆಲೆಯೋ ಉಪ್ಪಿನ ಬೆಲೆಯೋ ಸಿಕ್ಕಿದರೆ ಊರರಿಗನಿಗೆ ಅವತ್ತು ಹಬ್ಬ.

ಇಂಥದ್ದನ್ನು ತಂದುಕೊಡುವವರ ಹೆಸರು ಚರಿತ್ರೆಯಲ್ಲಿ ನಿಲ್ಲುವುದಿಲ್ಲ ಅನ್ನುವುದು ನನ್ನ ಹಳೆಯ ಕೊರಗು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಒಂದು ಗರಿಯ ಕಟ್ಟು ತಂದುಕೊಟ್ಟರು. ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯಿತು. ಶಾಸ್ತ್ರಿಗಳ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು, ಆಗಬೇಕಾದದ್ದೇ. ಕಟ್ಟು ಹೊತ್ತು ತಂದವರು ಇವತ್ತಿಗೂ ತಂಜಾವೂರಿನ ಪಂಡಿತರೊಬ್ಬರು, ಅಷ್ಟೇ. ಇದೇ ಶಾಮಶಾಸ್ತ್ರಿಗಳು 1921ರಲ್ಲಿ ಲಿಂಗಣ್ಣ ಕವಿಯ ಕೆಳದಿನೃಪವಿಜಯವನ್ನೂ ಸಂಪಾದಿಸಿ ಹೊರತಂದರು ಅನ್ನುವುದು ಕೆಳದಿಯವರಿಗೆ ಒಂದು ಹೆಚ್ಚಿನ ಸಂತೋಷ. ಅದಕ್ಕೂ ನೂರು ವರ್ಷ ಹಿಂದೆ ಕರ್ನಲ್ ಮೆಕೆಂಜಿ ಊರೂರಿನ ಕೈಫಿಯತ್ತುಗಳನ್ನು ಬರೆಸಿ ಕೂಡಿಸಿದ. ನಮ್ಮ ಊರು ಹೇಗಾಯಿತು, ಕೆರೆ ಯಾರು ಕಟ್ಟಿಸಿದರು, ಗುಡಿಗೆ ಎಷ್ಟು ಉಂಬಳಿ ಅಂತ ಹೇಳಿ ಬರೆಸಿದವರು ಶಾನುಭೋಗರು, ಊರ ಹಿರಿಯರು. ಎಂ. ಎಂ. ಕಲಬುರ್ಗಿಯವರು ಅವನ್ನೆಲ್ಲ ಒಟ್ಟುಮಾಡಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ದೊಡ್ಡ ಸಂಪುಟವಾಗಿ ತಂದರು. ಓದುತ್ತ ಹೋದರೆ ಒಬ್ಬೊಬ್ಬ ಶಾನುಭೋಗನ ದನಿಯೂ ಬೇರೆ ಬೇರೆಯಾಗಿ ಕೇಳುತ್ತದೆ. ಒಬ್ಬ ಚುಟುಕು, ಒಬ್ಬ ವಾಚಾಳಿ, ಇನ್ನೊಬ್ಬ ಊರಿನ ಹುಟ್ಟನ್ನು ಪಾಂಡವರ ವನವಾಸದಿಂದಲೇ ಶುರುಮಾಡುವವನು. ಜೋಯಿಸರ ಕುಲದ ಮೂಲಪುರುಷರು ನನ್ನ ಲೆಕ್ಕದಲ್ಲಿ ಇವರೇ.

ಊರಿನವನು ಊರಿನ ಚರಿತ್ರೆ ಬರೆದರೆ ಅಭಿಮಾನ ಜಾಸ್ತಿ, ತೂಕ ಕಡಿಮೆ ಅನ್ನುವ ಮಾತೊಂದಿದೆ. ದೂರದಲ್ಲಿ ಕೂತವರಿಗೆ ಹಾಗೆ ಕಾಣುವುದು ಸಹಜ. ಕೆಳದಿಯ ಅರಸರನ್ನು ಜೋಯಿಸರು ಪ್ರೀತಿಸಿದರು, ಅವರ ಕೀರ್ತಿಯನ್ನು ಸಾರುವ ಪುಸ್ತಕಗಳನ್ನು ಬರೆದರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಪ್ರೀತಿಯಿಲ್ಲದೆ ಇಷ್ಟು ಅಟ್ಟ ಹತ್ತಲಿಕ್ಕೆ ಯಾರಿಂದಾದೀತು? ಮೇಲಾಗಿ, ಪ್ರೀತಿಸುವುದಕ್ಕೆ ತಕ್ಕ ಕೆಲಸವನ್ನು ಆ ಅರಸರು ಮಾಡಿದ್ದರು. ಅವರಲ್ಲೊಬ್ಬನಾದ ಶಿವಪ್ಪ ನಾಯಕ ಶಿಸ್ತು, ಅಂದರೆ ಕಂದಾಯದ ಕ್ರಮ, ಹಾಕುವ ಮೊದಲು ಪ್ರತಿ ಹಳ್ಳಿಯಲ್ಲೂ ಒಂದೊಂದು ಬಗೆಯ ಭೂಮಿಯನ್ನು ತಾನೇ ಸಾಗುವಳಿ ಮಾಡಿಸಿ, ಬೀಜವೆಷ್ಟು, ಕೂಲಿಯೆಷ್ಟು, ಬೆಳೆಯೆಷ್ಟು ಅಂತ 12 ವರ್ಷ ಬರೆಸಿದನಂತೆ. ಸರಾಸರಿ ತೆಗೆದು, ನೆಲವನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿ, ಆಮೇಲೆ ಕಂದಾಯ ನಿಗದಿ. ಹನ್ನೆರಡು ಮಳೆಗಾಲ ಕಾದ ರಾಜ! ಅಡಿಕೆ ತೋಟ ಅಳೆಯುವ ಕೋಲು 18 ಅಡಿ 6 ಅಂಗುಲ; ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನಲ್ಲೇ ಅದರ ಅಳತೆ ನಿಂತಿತ್ತು. ಅನುಮಾನ ಬಂದವನು ದೇವರ ಮುಂದೆ ಕೋಲು ಹಿಡಿದು ನೋಡಬಹುದಾಗಿತ್ತು.

ಆದರೆ ಅದೇ ಸಂಸ್ಥಾನದ ಬುಡದಲ್ಲಿ ಇನ್ನೊಂದು ಕತೆಯಿದೆ, ನನ್ನನ್ನು ಸುಮ್ಮನಿರಲು ಬಿಡದ ಕತೆ. ಚೌಡಪ್ಪ, ಭದ್ರಪ್ಪ ಅಣ್ಣತಮ್ಮಂದಿರಿಗೆ ನಿಧಿ ತೋರಿತು, ನಿಧಿ ನರಬಲಿ ಕೇಳಿತು. ಮನೆಯ ಆಳುಗಳಾದ ಯಾದವ, ಮುರಾರಿ ಇಬ್ಬರೂ ತಾವಾಗಿಯೇ ಕತ್ತು ಕೊಟ್ಟರು, ತಮ್ಮ ಹೆಸರು ಉಳಿಸಿ ಎಂದಷ್ಟೇ ಕೇಳಿಕೊಂಡರು. ಅರಸರು ಮಾತು ಉಳಿಸಿಕೊಂಡರು. ಅಂದಿನಿಂದ ಕೆಳದಿಯವರ ಬಿರುದುಗಳಲ್ಲಿ ಎಡವ ಮುರಾರಿ ಅಂತ ಬಂತು. ಕೋಟೆ ಕೋಲಾಹಲ ಅನ್ನುವ ಬಿರುದಿನ ಪಕ್ಕದಲ್ಲೇ ಶಾಸನಗಳಲ್ಲಿ ಕೂತಿದೆ. ನಡೆದದ್ದೋ, ಕಟ್ಟಿದ್ದೋ, ನನಗೆ ಅದು ಮುಖ್ಯವಲ್ಲ. ಆಳುಗಳಿಬ್ಬರ ಹೆಸರನ್ನು ತಲೆಯ ಮೇಲಿಟ್ಟುಕೊಂಡು ಆಳಿದ ಮನೆತನ ಇನ್ನೆಲ್ಲಿದೆ? ಆ ಇಬ್ಬರ ತಾಯಿ ಆಮೇಲೆ ಯಾರ ಮನೆಯಲ್ಲಿ ಉಂಡಳು, ಮಕ್ಕಳಿದ್ದರೇ, ಅವರ ಕೇರಿ ಯಾವುದು? ರಾಜ್ಯದ ಚರಿತ್ರೆ ಬರೆಯುವವರು ಬಿರುದನ್ನು ಅಡಿಟಿಪ್ಪಣಿಗೆ ಹಾಕಿ ಮುಂದೆ ಹೋಗುತ್ತಾರೆ. ಈ ಬಗೆಯ ಪ್ರಶ್ನೆಯನ್ನು ಹೊತ್ತುಕೊಂಡು ಹೋಗಬಹುದಾದದ್ದು ಊರರಿಗನ ಜಗಲಿಗೆ ಮಾತ್ರ. ಅವರಿಗೂ ಗೊತ್ತಿಲ್ಲದಿರಬಹುದು. ಆದರೆ ಅವರು ಪ್ರಶ್ನೆಯನ್ನು ಇಟ್ಟುಕೊಳ್ಳುತ್ತಾರೆ, ಎಸೆಯುವುದಿಲ್ಲ.

ಹಾಗಾಗಿ ಜೋಯಿಸರು ಹೋದರು ಅಂದಾಗ ನನಗೆ ಕಳವಳವಾದದ್ದು ಪುಸ್ತಕ, ಗರಿ, ತಾಮ್ರಪಟಗಳ ಬಗ್ಗೆ ಅಲ್ಲ. ಅವು ಕಪಾಟಿನಲ್ಲಿವೆ, ಅವಕ್ಕೆ ನಂಬರು ಇದೆ, ಬೀಗವಿದೆ. ನಂಬರಿಲ್ಲದ್ದು ಇನ್ನೊಂದಿತ್ತು. ಯಾವ ಮನೆಯ ಕಟ್ಟು ಯಾವ ಮಗಳ ಮದುವೆಯ ಸಂಗಡ ಯಾವ ಊರಿಗೆ ಹೋಯಿತು, ಯಾವ ಲಿಪಿಕಾರನ ಕೈಯಲ್ಲಿ ಯಾವ ಅಕ್ಷರ ಹೇಗೆ ಬಾಗುತ್ತದೆ, ಹರಿದ ಗರಿಯ ಅರ್ಧ ಸಾಲಿನ ಉಳಿದರ್ಧ ಏನಿದ್ದೀತು. ಊರರಿಗರು ಇಂಥದ್ದನ್ನು ಬರೆದಿಡುವುದಿಲ್ಲ, ಬರೆಯುವಷ್ಟು ದೊಡ್ಡ ವಿಷಯ ಅಂತ ಅವರಿಗೆ ಅನ್ನಿಸುವುದೇ ಇಲ್ಲ. ಕೇಳಿದರೆ ಹೇಳುತ್ತಾರೆ, ಅಷ್ಟೆ.

ಒಂದು ಸಂಗತಿ ಮಾತ್ರ ನನ್ನನ್ನು ಬಹಳ ಕಾಡುತ್ತದೆ. ಮೋಡಿ ಲಿಪಿಗೆ ಕಂಪ್ಯೂಟರಿನ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2014ರಲ್ಲಿ. ತುಳು-ತಿಗಳಾರಿಗೆ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, ಜೋಯಿಸರು ತೀರಿಕೊಂಡ ಮೂರು ತಿಂಗಳಿಗೆ. ಇನ್ನು ಆ ಅಕ್ಷರಗಳನ್ನು ಬಾಸ್ಟನ್ನಿನಲ್ಲಿ ಕೂತವರೂ ಟೈಪು ಮಾಡಬಹುದು. ಅಚ್ಚಿಗೆ, ಫೋನಿಗೆ, ಹುಡುಕಾಟಕ್ಕೆ ಎಲ್ಲಕ್ಕೂ ದಾರಿಯಾಯಿತು. ನಿಜವಾಗಿ ಸಂತೋಷದ ಸುದ್ದಿ. ಆದರೆ ಗರಿಯನ್ನು ಬೆಳಕಿಗೆ ಹಿಡಿದು ಇದು ಯ, ಇದು ಪ ಅಂತ ಹೇಳುವ ಕಣ್ಣನ್ನು ಯಾವ ಸಮಿತಿಯೂ ಮಂಜೂರು ಮಾಡಲಾರದು. ಅದನ್ನು ಒಬ್ಬರ ಪಕ್ಕದಲ್ಲಿ ಒಬ್ಬರು ಕೂತೇ ಕಲಿಯಬೇಕು, ಗುಡಿಯ ಜಗಲಿಯಲ್ಲಿ ಆ ನಾಲ್ವರು ಹುಡುಗರು ಕಲಿತ ಹಾಗೆ. ಈಗಲೂ ಕಲಿಸುವವರಿದ್ದಾರೆ, ಧರ್ಮಸ್ಥಳದಲ್ಲಿ, ಉಡುಪಿಯಲ್ಲಿ, ಕೆಳದಿಯಲ್ಲಿ ಹಸ್ತಪ್ರತಿಗಳಿವೆ. ಸಾಗರ, ಸೊರಬ, ಹೊಸನಗರದ ಕಾಲೇಜು ಹುಡುಗ ಹುಡುಗಿಯರಲ್ಲಿ ಹತ್ತು ಜನ ಒಂದು ಬೇಸಿಗೆ ರಜೆಯನ್ನು ಇದಕ್ಕೆ ಕೊಟ್ಟರೆ ಸಾಕು ಅಂತ ನನಗೆ ಆಸೆ. ಪರೀಕ್ಷೆಗೆ ಉಪಯೋಗವಿಲ್ಲ, ನೌಕರಿಗೆ ಉಪಯೋಗವಿಲ್ಲ. ರುಚಿ ಹತ್ತಿದರೆ ಆಯಸ್ಸಿಗೆಲ್ಲ ಸಾಲುತ್ತದೆ.

ನಿಮ್ಮ ಮನೆಯ ಅಟ್ಟದಲ್ಲೊಂದು ಕಟ್ಟಿದ್ದರೆ, ಮಳೆಗಾಲದಲ್ಲಿ ಬಿಚ್ಚಬೇಡಿ. ಬಿಸಿಲು ಗಟ್ಟಿಯಾದ ಮೇಲೆ ಇಳಿಸಿ, ನೆರಳಿನಲ್ಲೇ ಇಡಿ. ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಒಣ ಬ್ರಷ್ಷಿನಲ್ಲಿ ಮೆಲ್ಲಗೆ ಜಾಡಿಸಿ. ಗರಿಗಳ ಅನುಕ್ರಮ ತಪ್ಪಿಸಬೇಡಿ, ದಾರ ಲಡ್ಡಾಗಿದ್ದರೆ ಹೊಸ ನೂಲು ಪೋಣಿಸಿ. ಮನೆಯಲ್ಲಿ ಯಾರಿಗೂ ಓದಲು ಬಾರದಿದ್ದರೆ ಹೊಳೆಯ ಕಡೆ ನೋಡಬೇಡಿ. ಸಾಗರಕ್ಕೆ ಬಸ್ಸು ಹತ್ತಿ.